ದಿವಂಗತರ ಸ್ಮರಣಾರ್ಥ, ಮಳೆ ಬಂದರೆ ಮುಂದಿನ ಭಾನುವಾರ

ಕರಾವಳಿಯಲ್ಲಿ ಒಬ್ಬರು ತೀರಿಕೊಂಡರೆ ಉತ್ತರಕ್ರಿಯೆ ಮುಗಿಯುವ ತನಕ ಅವರನ್ನು ನೆನೆಯುವ ಹೊಣೆ ಮನೆಯವರದ್ದು. ವರ್ಷ ತುಂಬುವ ತನಕ ಸಹಕಾರಿ ಸಂಘದ ಸಾಲ ವಿಭಾಗದವರೂ ಆಗಾಗ ನೆನೆಯುತ್ತಾರೆ. ಅಲ್ಲಿಂದಾಚೆಗೆ ಆ ಹೊಣೆ ಊರಿನ ಸ್ಪೋರ್ಟ್ಸ್ ಕ್ಲಬ್ಬಿಗೆ ಹಸ್ತಾಂತರವಾಗುತ್ತದೆ. ಕ್ಲಬ್ಬಿನವರು ನೆನೆಯುವ ಕ್ರಮಕ್ಕೆ ‘ದಿವಂಗತರ ಸ್ಮರಣಾರ್ಥ ಪುರುಷರ ಮುಕ್ತ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ, ರಕ್ತದಾನ ಶಿಬಿರ ಹಾಗೂ ಸಹಾಯಧನ ವಿತರಣೆ’ ಎಂದು ಹೆಸರು. ಕರಪತ್ರದಲ್ಲಿ ಇದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮಳೆ ಬಂದಲ್ಲಿ ಮುಂದಿನ ಭಾನುವಾರ’ ಎಂದಿರುತ್ತದೆ. ಮರಣಕ್ಕೆ ಇಲ್ಲದ ಈ ಸೌಲಭ್ಯ ಸ್ಮರಣೆಗೆ ಇದೆ.

ಈ ಶಾಸ್ತ್ರದ ಬಗ್ಗೆ ಕನ್ನಡದಲ್ಲಿ ವ್ಯವಸ್ಥಿತ ಅಧ್ಯಯನ ನಡೆದಿಲ್ಲ. ಅಧ್ಯಯನ ಮಾಡಬಲ್ಲವರೆಲ್ಲ ಆ ದಿನ ವೇದಿಕೆಯ ಮೇಲೆ ಕೂತಿರುವುದೇ ಕಾರಣ. ಪಾನೀಯ ಸಮಿತಿಯ ಸಹಸಂಚಾಲಕನಾಗಿ ಬಹುಕಾಲ ವೇದಿಕೆಯ ಹಿಂದೆ ನಿಂತವನು ನಾನು. ಅಲ್ಲಿ ನಿಂತವರಿಗೆ ವೇದಿಕೆಯ ಮೇಲಿನವರ ಬೆನ್ನು, ಮೈದಾನದ ಕತ್ತಲು, ಖಾಲಿಯಾಗುತ್ತಿರುವ ಮಜ್ಜಿಗೆಯ ಹಂಡೆ ಮೂರೂ ಒಟ್ಟಿಗೆ ಕಾಣುತ್ತವೆ. ಆ ಅರ್ಹತೆಯ ಮೇಲೆ ಈ ಕೊರತೆಯನ್ನು ತುಂಬಲು ಹೊರಟಿದ್ದೇನೆ.

ಸ್ಮರಣಾರ್ಥ ಪಂದ್ಯಾಟ ನಮ್ಮ ಯುವಕ ಮಂಡಲಗಳ ಸ್ವಂತ ಕಲ್ಪನೆ ಎಂಬ ಹೆಮ್ಮೆ ನಮ್ಮಲ್ಲಿದೆ. ಹೇಳಲು ಬೇಸರವಾಗುತ್ತದೆ, ಗ್ರೀಕರು ಇದನ್ನು ಮೊದಲೇ ಮಾಡಿ ಮುಗಿಸಿದ್ದಾರೆ. ಹೋಮರನ ಇಲಿಯಡ್ ಮಹಾಕಾವ್ಯದ 23ನೆಯ ಸರ್ಗದಲ್ಲಿ ಅಖಿಲೀಸ್ ತನ್ನ ಜೀವದ ಗೆಳೆಯ ಪೆಟ್ರೋಕ್ಲಸ್‌ನ ಚಿತೆ ಆರಿದ ಮೇಲೆ ಸೇನೆಯನ್ನೆಲ್ಲ ಕೂರಿಸಿ ಪಂದ್ಯಾಟ ನಡೆಸುತ್ತಾನೆ. ಸಂಘಟಕ, ಪ್ರಾಯೋಜಕ, ಬಹುಮಾನ ವಿತರಕ ಎಲ್ಲ ಅವನೇ. ರಶೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿದ ಉಲ್ಲೇಖ ಮಾತ್ರ ಎಲ್ಲಿಯೂ ಇಲ್ಲ. ಉಳಿದದ್ದೆಲ್ಲ ನಮ್ಮಲ್ಲಿದ್ದಂತೆಯೇ.

ರಥದ ಓಟಕ್ಕೆ ಐದು ಮಂದಿ, ಬಹುಮಾನವೂ ಐದು. ದಾರಿ ಇಕ್ಕಟ್ಟಾದ ಕಡೆ ಆಂಟಿಲೋಕಸ್ ಎಂಬ ಹುಡುಗ ಅಡ್ಡ ನುಗ್ಗಿ ಎರಡನೆಯ ಸ್ಥಾನ ಹೊಡೆದುಕೊಂಡ. ಹಿಂದೆ ಬಿದ್ದ ಮೆನೆಲಾವಸ್ ತಕರಾರು ಎತ್ತಿದ. ಮೋಸ ಮಾಡಿಲ್ಲವೆಂದು ಕುದುರೆ ಮುಟ್ಟಿ ದೇವರ ಮೇಲೆ ಆಣೆ ಹಾಕು ಎಂದು ಹಟ ಹಿಡಿದ. ಓಟ ಇನ್ನೂ ನಡೆಯುತ್ತಿರುವಾಗಲೇ ಪ್ರೇಕ್ಷಕರಲ್ಲಿ ಇಬ್ಬರು ಯಾರ ರಥ ಮುಂದಿದೆ ಎಂಬ ವಿಷಯಕ್ಕೆ ಬೈದಾಡಿಕೊಂಡು, ಬಾಜಿ ಕಟ್ಟುವ ತನಕ ಹೋಗಿದ್ದರು. ಕೊನೆಯವನಾಗಿ ಬಂದವನಿಗೆ, ನಿಜಕ್ಕೂ ಒಳ್ಳೆಯ ಸಾರಥಿ ಪಾಪ ಎಂದು, ಸಮಾಧಾನಕರ ಬಹುಮಾನ ಹೋಯಿತು. ಹಾಗೆ ಉಳಿದುಹೋದ ಐದನೆಯ ಬಹುಮಾನವನ್ನು ರಥವನ್ನೇ ಹತ್ತದ ವೃದ್ಧ ನೆಸ್ಟರನಿಗೆ ಹಿರಿತನದ ಗೌರವವಾಗಿ ಕೊಟ್ಟರು. ಅವನು ಸ್ವೀಕರಿಸಿ, ತನ್ನ ಪ್ರಾಯಕಾಲದಲ್ಲಿ ಯಾರನ್ನೆಲ್ಲ ಸೋಲಿಸಿದ್ದೆ ಎಂದು ದೀರ್ಘವಾದ ಭಾಷಣ ಮಾಡಿದ. ಆ ಗೆಲುವುಗಳೂ ಇನ್ನೊಬ್ಬ ದಿವಂಗತರ ಸ್ಮರಣಾರ್ಥ ಪಂದ್ಯಾಟದಲ್ಲಿ ಬಂದವು ಎಂಬುದನ್ನು ಸಂಶೋಧಕರು ಗಮನಿಸಬೇಕು. ಓಡುವ ಸ್ಪರ್ಧೆಯಲ್ಲಿ ಮುಂದಿದ್ದ ಅಜಾಕ್ಸ್ ಸೆಗಣಿಯ ಮೇಲೆ ಜಾರಿ ಬಿದ್ದು ಬಾಯಿ ಮೂಗೆಲ್ಲ ಸೆಗಣಿ ಮಾಡಿಕೊಂಡ. ಅದೂ ದಿವಂಗತರಿಗೆಂದು ಬಲಿ ಕೊಟ್ಟ ಎತ್ತುಗಳದ್ದೇ. ಮೈದಾನ ಸಮಿತಿಯ ವೈಫಲ್ಯಕ್ಕೆ ಇದಕ್ಕಿಂತ ಹಳೆಯ ದಾಖಲೆ ನನಗೆ ಸಿಕ್ಕಿಲ್ಲ. ಕೊನೆಯದು ಈಟಿ ಎಸೆತ. ದೊರೆ ಆಗಮೆಮ್ನಾನ್ ಎದ್ದು ನಿಂತದ್ದೇ ತಡ, ತಾವು ಎಸೆಯುವುದೇ ಬೇಡ, ತಮ್ಮ ಬಲ ನಮಗೆ ಗೊತ್ತಿಲ್ಲವೇ ಎಂಬ ಅರ್ಥದ ಮಾತಾಡಿ ಅಖಿಲೀಸ್ ಬಹುಮಾನವನ್ನು ಅವನಿಗೇ ಕೊಟ್ಟುಬಿಟ್ಟ. ಮುಖ್ಯ ಅತಿಥಿಗಳಿಗೆ ಸ್ಮರಣಿಕೆ ಕೊಡುವ ಪದ್ಧತಿಯ ಮೂಲ ಇದೇ ಇರಬೇಕು.

ಪಂದ್ಯಾಟ ಶುರುವಾದ ಮೇಲೆ ಪೆಟ್ರೋಕ್ಲಸ್‌ನ ಹೆಸರು ಆ ಸರ್ಗದಲ್ಲಿ ಬರುವುದು ಬಲು ಅಪರೂಪ. ಎಲ್ಲ ಮುಗಿದು ಜನ ಊಟಕ್ಕೆ, ನಿದ್ದೆಗೆ ಹೊರಟ ಮೇಲೆ ಅಖಿಲೀಸ್ ಒಬ್ಬನೇ ನಿದ್ದೆ ಬಾರದೆ ಹೊರಳಾಡಿ, ಗೆಳೆಯನನ್ನು ನೆನೆದು ಅಳುತ್ತಾನೆ. ಅದು 24ನೆಯ ಸರ್ಗದ ಆರಂಭ. ಪಂದ್ಯಾಟ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.

ನಮ್ಮ ದೇಶಕ್ಕೆ ಬಂದರೆ, ಇಲ್ಲಿನ ದೊಡ್ಡ ಸ್ಮರಣಾರ್ಥ ಪಂದ್ಯಾಟ ರಣಜಿ ಟ್ರೋಫಿ. ಇಂಗ್ಲೆಂಡಿನ ಪರವಾಗಿ ಟೆಸ್ಟ್ ಆಡಿದ ರಣಜಿತ್‌ಸಿಂಹಜಿ 1933ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಹೆಸರಿನಲ್ಲಿ ಪಂದ್ಯಾಟ. ಮೊದಲ ಪಂದ್ಯ 1934ರ ನವೆಂಬರ್ 4ರಂದು ಚೆಪಾಕಿನಲ್ಲಿ, ಮದರಾಸಿನ ಎದುರು ನಮ್ಮ ಮೈಸೂರು. ಮೈಸೂರು ತಂಡ 48 ಮತ್ತು 59 ರನ್ನುಗಳಿಗೆ ಎರಡೂ ಇನ್ನಿಂಗ್ಸ್ ಪೂರೈಸಿ ಒಂದೇ ದಿನದಲ್ಲಿ ಪಂದ್ಯ ಮುಗಿಸಿಕೊಟ್ಟಿತು. ಇದನ್ನು ಹೀನಾಯ ಸೋಲು ಎಂದು ಬರೆದ ಕ್ರೀಡಾ ಇತಿಹಾಸಕಾರರಿಗೆ ಸ್ಮರಣಾರ್ಥ ಶಾಸ್ತ್ರದ ಗಂಧಗಾಳಿ ಇಲ್ಲ. ಕಾರ್ಯಕ್ರಮವನ್ನು ಹೊತ್ತು ಮುಳುಗುವುದರೊಳಗೆ ಮುಗಿಸುವ ಆ ಶಿಸ್ತು ನಮ್ಮ ಯಾವ ಕ್ಲಬ್ಬಿಗೂ ಬಂದಿಲ್ಲ. ನಮ್ಮಲ್ಲಿ ಫೈನಲ್ ಎಂದರೆ ಮರುದಿನ ಹಾಲಿನ ಡೈರಿ ಬಾಗಿಲು ತೆರೆಯುವ ಹೊತ್ತು.

ಇನ್ನು ಫ್ಲೆಕ್ಸ್. 2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಫ್ಲೆಕ್ಸುಗಳನ್ನು ನಿಷೇಧಿಸಿದ ಮೇಲೆ ಅವು ಮೊದಲಿಗಿಂತ ಸ್ವಲ್ಪ ಎತ್ತರದಲ್ಲಿ ಕಟ್ಟಲ್ಪಡುತ್ತಿವೆ. ಅವುಗಳ ವಿನ್ಯಾಸವನ್ನು ಅರ್ಥ ಮಾಡಿಕೊಳ್ಳಲು ವೀರಗಲ್ಲು ನೋಡಬೇಕು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ವೀರ ಕಾದಾಡಿ ಬೀಳುವುದು, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಶಿವಲಿಂಗದ ಮುಂದೆ ಕೂತಿರುವುದು. ಫ್ಲೆಕ್ಸಿನಲ್ಲೂ ಮೂರೇ. ಕೆಳಗೆ ಜ್ಯುವೆಲ್ಲರ್ಸ್, ಹಾರ್ಡ್‌ವೇರ್ ಮತ್ತು ಕೇಟರಿಂಗ್‌ನವರು. ನಡುವೆ ಕೈ ಮುಗಿದು ನಿಂತ ಸಮಿತಿಯ ಸದಸ್ಯರು. ಮೇಲೆ, ಮೋಡಗಳ ನಡುವೆ, ಸ್ಥಳೀಯ ಜನಪ್ರತಿನಿಧಿಗಳು. ದಿವಂಗತರು ಬಲ ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯಲ್ಲಿರುತ್ತಾರೆ. ಹಳೆಯ ಮತದಾರರ ಚೀಟಿಯಿಂದ ತೆಗೆದ ಪಟವಾದ್ದರಿಂದ ಅದಕ್ಕಿಂತ ದೊಡ್ಡದು ಮಾಡಿದರೆ ಮುಖ ಒಡೆಯುತ್ತದೆ.

ಶಿಲಾ ವಿಭಾಗದಲ್ಲಿ ಕನ್ನಡಿಗರು ಮುಟ್ಟಿದ ಎತ್ತರಕ್ಕೆ ಆತಕೂರಿನ ಶಾಸನವೇ ಸಾಕ್ಷಿ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನದು, ಸುಮಾರು ಕ್ರಿ.ಶ. 950ರ ಕಾಲದ್ದು, ಈಗ ಬೆಂಗಳೂರಿನ ಸರಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ತನ್ನೊಡೆಯ ಗಂಗರ ಬೂತುಗನಿಂದ ಬಹುಮಾನವಾಗಿ ಕೇಳಿ ಪಡೆದದ್ದು ‘ಕಾಳಿ’ ಎಂಬ ನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನೆಡಿಸಿ, ಪೂಜೆ ನಡೆಯಲೆಂದು ಭೂಮಿ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದೂ ಕೆತ್ತಿಸಿದ. ಶಾಶ್ವತ ನಿಧಿ, ನಿರ್ವಹಣಾ ಅಧಿಕಾರಿ, ತಪ್ಪಿದರೆ ದಂಡ, ಎಲ್ಲವೂ ಒಂದೇ ಕಲ್ಲಿನಲ್ಲಿ. ನಮ್ಮ ಕ್ಲಬ್ಬುಗಳ ಬೈಲಾದಲ್ಲಿ ಸ್ಮರಿಸದೆ ಉಂಡವರಿಗೆ ಯಾವ ಶಿಕ್ಷೆಯೂ ಇಲ್ಲ. ಹಾಗಾಗಿಯೇ ಸಭಾ ಕಾರ್ಯಕ್ರಮದ ನಡುವೆ ಊಟದ ಸಾಲು ಶುರುವಾಗುವುದು.

ಆಟದ ಆಯ್ಕೆಯ ವಿಷಯದಲ್ಲಿ ಪಂಡಿತರಲ್ಲಿ ಎರಡು ಪಂಗಡ. ಅಂಡರ್ ಆರ್ಮ್ ಕ್ರಿಕೆಟ್ ಎನ್ನುವವರಿದ್ದಾರೆ. ನನ್ನ ಮತ ಸ್ಪಷ್ಟವಾಗಿ ಕಬಡ್ಡಿಗೆ. ಕ್ರಿಕೆಟಿನಲ್ಲಿ ಔಟಾದವನು ಔಟೇ. ಬ್ಯಾಟು ಕಂಕುಳಲ್ಲಿ ಇಟ್ಟು ಹೋದವನನ್ನು ಆ ಇನ್ನಿಂಗ್ಸಿನಲ್ಲಿ ಯಾರೂ ಮರಳಿ ಕರೆಯುವಂತಿಲ್ಲ. ಕಬಡ್ಡಿಯಲ್ಲಿ ಹಾಗಲ್ಲ. ಔಟಾದವನು ಅಂಕಣದ ಹೊರಗೆ ಸರದಿಯಲ್ಲಿ ಕೂತಿರುತ್ತಾನೆ, ಎದುರಿನವರಲ್ಲಿ ಒಬ್ಬ ಔಟಾದ ಕೂಡಲೇ ಜೀವ ಪಡೆದು ಒಳಗೆ ಬರುತ್ತಾನೆ. ತೀರಿಕೊಂಡವರ ಹೆಸರಿನ ಪಂದ್ಯಾಟಕ್ಕೆ ಇದಕ್ಕಿಂತ ಆಶಾದಾಯಕ ನಿಯಮಾವಳಿ ಇನ್ನೊಂದಿಲ್ಲ. ಹೊರಗೆ ಕೂತವರ ಮನೆಯವರು ಆಟ ನೋಡುವಾಗ ಈ ನಿಯಮವನ್ನು ತೀರಾ ಮನಸ್ಸಿಗೆ ಹಚ್ಚಿಕೊಳ್ಳದಂತೆ ಸ್ವಯಂಸೇವಕರು ನೋಡಿಕೊಳ್ಳಬೇಕು.

ಮೌನ ಪ್ರಾರ್ಥನೆಯ ವಿಷಯ ಬೇಗ ಮುಗಿಸುತ್ತೇನೆ, ಅದು ಬೇಗ ಮುಗಿಯುವಂಥದ್ದೇ. ಮೊದಲ ಮಹಾಯುದ್ಧದಲ್ಲಿ ಮಡಿದವರಿಗಾಗಿ 1919ರ ನವೆಂಬರ್ 11ರಂದು ಬ್ರಿಟಿಷ್ ಸಾಮ್ರಾಜ್ಯದಲ್ಲಿ 2 ನಿಮಿಷ ಮೌನ ಆಚರಿಸಿದರು. ನಮ್ಮ ದೇಶದಲ್ಲಿ ಜನವರಿ 30ರ ಬೆಳಗ್ಗೆ 11 ಗಂಟೆಗೆ ಹುತಾತ್ಮರಿಗಾಗಿ 2 ನಿಮಿಷ. ಕ್ಲಬ್ ಮಟ್ಟಕ್ಕೆ ಇಳಿಯುವಾಗ ಅದು 1 ನಿಮಿಷವಾಗುತ್ತದೆ. ಆ 1 ನಿಮಿಷದೊಳಗೆ ಜನರೇಟರಿನ ಸದ್ದು, ಚರುಮುರಿಯವನ ಡಬ್ಬದ ಸದ್ದು ಮತ್ತು ‘ಕೆಎ 19 ನೋಂದಣಿಯ ಬಿಳಿ ಕಾರಿನವರು ದಯವಿಟ್ಟು ವಾಹನ ತೆಗೆಯಬೇಕು’ ಎಂಬ ಪ್ರಕಟಣೆ ಸೇರಿರುತ್ತವೆ.

ದಾನದ ಕಡೆ ಬರೋಣ. ಬೆಳಗ್ಗೆ ರಕ್ತದಾನ, ಸಂಜೆ ಕಬಡ್ಡಿ ಎಂಬ ಕ್ರಮದ ಬಗ್ಗೆ ವೈದ್ಯರಿಗೂ ಕ್ಲಬ್ಬಿಗೂ ಭಿನ್ನಾಭಿಪ್ರಾಯ ಇದೆ. 350 ಮಿಲಿಲೀಟರ್ ಕೊಟ್ಟವನು ಆ ದಿನ ಮೈ ದಣಿಸಬಾರದು ಎನ್ನುತ್ತಾರೆ ವೈದ್ಯರು. ಕೊಟ್ಟವನೇ ತಂಡದ ಮುಖ್ಯ ರೈಡರ್ ಎನ್ನುತ್ತದೆ ಕ್ಲಬ್. ಇದಕ್ಕಿಂತ ದೊಡ್ಡ ತೊಡಕು ಲೆಕ್ಕದ್ದು. ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಇಡಬಹುದಾದದ್ದು 5 ದಿನ, ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ. ಪುಣ್ಯತಿಥಿ ಬರುವುದು 365 ದಿನಕ್ಕೊಮ್ಮೆ. ಊರಿಗೆ ಊರೇ ಒಂದೇ ಭಾನುವಾರ ತೋಳು ಚಾಚಿ, ಬಾಳೆಹಣ್ಣು ಬಿಸ್ಕತ್ತು ತಿಂದು, ಪ್ರಮಾಣಪತ್ರ ಹಿಡಿದು ಫೋಟೊ ತೆಗೆಸಿಕೊಂಡ ಮೇಲೆ ಎರಡು ತಿಂಗಳಲ್ಲಿ ಅದರ ಪ್ಲೇಟ್‌ಲೆಟ್, ಕೆಂಪು ಕಣ ಯಾವುದೂ ಉಳಿದಿರುವುದಿಲ್ಲ. ಬಾಣಂತಿಯರು, ಅಪಘಾತವಾದವರು, ಥಲಸ್ಸೀಮಿಯಾದ ಮಕ್ಕಳು ಉಳಿದ ಹತ್ತು ತಿಂಗಳಲ್ಲೂ ಬರುತ್ತಲೇ ಇರುತ್ತಾರೆ. ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ಆದರೆ ಕಾರಣವಿಲ್ಲದೆ, ಫ್ಲೆಕ್ಸಿಲ್ಲದೆ, ಯಾವುದೋ ಬುಧವಾರ ಹೋಗಿ ಕೊಟ್ಟು ಬರುವುದು ನಮ್ಮ ಸಂಸ್ಕೃತಿಯಲ್ಲಿಲ್ಲ. ಸದಸ್ಯರು ವರ್ಷದ ಬೇರೆ ಬೇರೆ ತಿಂಗಳುಗಳಲ್ಲಿ ಹಂಚಿಕೊಂಡು ತೀರಿಕೊಂಡರೆ ರಕ್ತನಿಧಿಗೆ ಅನುಕೂಲ ಎಂಬ ಸಲಹೆಯನ್ನು ಮಹಾಸಭೆಯಲ್ಲಿ ಮಂಡಿಸಿದೆ. ಅನುಮೋದಕರು ಸಿಗಲಿಲ್ಲ.

ಸಹಾಯಧನಕ್ಕೆ ಈಗೀಗ ಡಯಾಲಿಸಿಸ್ ರೋಗಿಗಳನ್ನು ಆಯ್ಕೆ ಮಾಡುವುದು ಹೆಚ್ಚಾಗಿದೆ. ಆಯ್ಕೆ ಸೂಕ್ತವಾಗಿದೆ. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಸುಮಾರು 4 ಗಂಟೆ ಯಂತ್ರದ ಪಕ್ಕ ಮಲಗಿ ಅಭ್ಯಾಸ ಇರುವುದರಿಂದ ನಮ್ಮ ಸಭಾ ಕಾರ್ಯಕ್ರಮವನ್ನು ಕೊನೆಯ ತನಕ ತಾಳಿಕೊಳ್ಳುವ ಶಕ್ತಿ ಇರುವುದು ಅವರೊಬ್ಬರಿಗೇ. ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕನ್ನು ಅವರ ಕೈಗಿತ್ತು, ಎಂಟು ಮಂದಿ ಅತಿಥಿಗಳು ಅದರ ಒಂದೊಂದು ಅಂಚು ಹಿಡಿದಾಗ, ಚೆಕ್ಕಿನ ಹಿಂದೆ ರೋಗಿ ಪೂರ್ತಿಯಾಗಿ ಮರೆಯಾಗುತ್ತಾರೆ. ಬಡವರ ಮುಖ ಪತ್ರಿಕೆಯಲ್ಲಿ ಬರದಂತೆ ಕಾಪಾಡುವ ಈ ವ್ಯವಸ್ಥೆಯನ್ನು ರೂಪಿಸಿದವರು ಯಾರೋ ತಿಳಿಯದು.

ನೇತ್ರದಾನ ನಮ್ಮ ಪಂದ್ಯಾಟಗಳಲ್ಲಿ ಅಷ್ಟಾಗಿ ಕುದುರಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ಅಳವಡಿಸಿದರು. ವೈದ್ಯಕೀಯವಾಗಿ ಇದು ಸರಿಯೇ. ಶಾಸ್ತ್ರದ ದೃಷ್ಟಿಯಿಂದ ದೋಷಗಳಿವೆ. ಕಣ್ಣನ್ನು ಸಾವಾದ ಸುಮಾರು 6 ಗಂಟೆಯೊಳಗೆ ತೆಗೆಯಬೇಕು. ಅಷ್ಟರಲ್ಲಿ ಸಮಿತಿ ರಚಿಸಿ, ಉದ್ಘಾಟಕರ ದಿನಾಂಕ ಪಡೆಯಲು ಸಾಧ್ಯವಿಲ್ಲ. ಪಡೆದವರನ್ನು ವೇದಿಕೆಗೆ ಕರೆಯುವಂತಿಲ್ಲ. ಕೊಟ್ಟವರಂತೂ ಬರುವುದಿಲ್ಲ.

ಈಚೆಗೆ ನಾನು ಹತ್ತಿರದಿಂದ ಅಭ್ಯಾಸ ಮಾಡಿದ ಒಂದು ಪಂದ್ಯಾಟವನ್ನು ಇಲ್ಲಿ ವಿವರಿಸಬೇಕು, ಏಕೆಂದರೆ ಅದರಲ್ಲಿ ಗಂಭೀರವಾದ ಶಿಷ್ಟಾಚಾರ ಲೋಪ ನಡೆಯಿತು. ಅಲ್ಲಿಯ ದಿವಂಗತರು ಆಟಗಾರರಲ್ಲ. ಗಾರೆ ಕೆಲಸದ ಮೇಸ್ತ್ರಿ. ಕ್ಲಬ್ಬಿಗೆ ಪ್ರತಿ ವರ್ಷ ಮಣ್ಣಿನ ಅಂಕಣ ಹದ ಮಾಡಿ ಸುಣ್ಣದ ಹುಡಿಯಲ್ಲಿ ಗೆರೆ ಎಳೆದು ಕೊಡುತ್ತಿದ್ದವರು. ಆಟ ಶುರುವಾಗುವಾಗ ಕೈ ತೊಳೆದು ಮನೆಗೆ ಹೋಗುತ್ತಿದ್ದುದರಿಂದ ಅವರನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಫ್ಲೆಕ್ಸಿನಲ್ಲಿ ‘ಕೊಡುಗೈ ದಾನಿ, ಅಜಾತಶತ್ರು’ ಎಂದು ಹಾಕಿದ್ದರು. ಪ್ರಿಂಟಿಂಗ್‌ನವರಲ್ಲಿ ಅದು ಮೊದಲೇ ಸಿದ್ಧವಿರುತ್ತದೆ.

ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಳತೆ ಎಲ್ಲರಿಗೂ ಗೊತ್ತು, ಮೂಲೆ ಕೂರಿಸುವುದು ಗೊತ್ತಿಲ್ಲ. ನಾಲ್ಕೂ ಬದಿ ಸರಿ ಇದ್ದೂ ಅಂಕಣ ಒಂದು ಕಡೆಗೆ ವಾಲಬಹುದು. ಅಂದು ಹುಡುಗರು ಮೊಬೈಲಿನಲ್ಲಿ ಏನೋ ಹಾಕಿ ಅಳೆದು ಎಳೆದ ಗೆರೆಗಳನ್ನು ನೋಡಿ ತೀರ್ಪುಗಾರರು, ಇದರಲ್ಲಿ ಆಡಿಸಿದರೆ ಒಂದು ಬದಿಯವರಿಗೆ ಮೋಸ, ನಾನು ಸೀಟಿ ಊದುವುದಿಲ್ಲ ಎಂದರು. ಎರಡು ಸಲ ಅಳಿಸಿ ಎಳೆದರು. ಸುಣ್ಣದ ಹುಡಿ ಅರ್ಧ ಚೀಲ ಮುಗಿಯಿತು. ವೇದಿಕೆಯಲ್ಲಿ ಅಷ್ಟು ಹೊತ್ತಿಗೆ ಸ್ವಾಗತ ಭಾಷಣ.

ದಿವಂಗತರ ಹೆಂಡತಿ ಶಾಲು ಹೊದಿಸಿಕೊಳ್ಳಲೆಂದು ಐದು ಗಂಟೆಯಿಂದ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅವರು ಎದ್ದರು.

“ಅಕ್ಕ, ನೀವು ಏಳ್ಬೇಡಿ, ನಿಮ್ಮದು ಸನ್ಮಾನ ಉಂಟು,” ಎಂದ ಒಬ್ಬ ಸ್ವಯಂಸೇವಕ.

“ಸನ್ಮಾನ ಆಮೇಲೆ ಆಗ್ತದೆ ಮಾರಾಯ. ಅವರ ಹಗ್ಗ ಹಿತ್ತಿಲಲ್ಲಿ ಉಂಟು. ಬಟ್ಟೆ ತೆಗೆದು ಕೊಡ್ತೇನೆ, ಬಾ.”

ಬಂದದ್ದು ಬಟ್ಟೆ ಒಣಗಿಸುವ ಹಗ್ಗ. ಅದರಲ್ಲಿ ಮೂರು ಕಡೆ ಕೆಂಪು ಬಟ್ಟೆಯ ಚೂರು ಬಿಗಿದು ಗಂಟು ಹಾಕಿತ್ತು. ಅಳೆದು ನೋಡಿದೆ. ಮೊದಲನೆಯದು 10 ಮೀಟರಿಗೆ, ಎರಡನೆಯದು 13ಕ್ಕೆ, ಮೂರನೆಯದು 16 ಮೀಟರ್ 40 ಸೆಂಟಿಮೀಟರಿಗೆ. ಆ ಮೂರನೆಯದು ಮೂಲೆಯಿಂದ ಮೂಲೆಗೆ. ಎರಡು ಕರ್ಣಗಳೂ ಅಷ್ಟೇ ಬಂದರೆ ಅಂಕಣ ಸರಿ. ಒಂದು ತುದಿಯನ್ನು ಹುಡುಗನ ಕೈಗೆ ಕೊಟ್ಟು ಇನ್ನೊಂದನ್ನು ಆ ಅಕ್ಕ ಹಿಡಿದು ಕುಕ್ಕುರುಗಾಲಲ್ಲಿ ಕೂತರು. “ಎಳಿ, ಇನ್ನೂ ಸ್ವಲ್ಪ. ಗಂಟು ಗೂಟಕ್ಕೆ ಬರ್ಬೇಕು. ಅಲ್ಲಿ ಅಲ್ಲ, ಈಚೆ.” ಅಂಕಣ ಕೂರಿಸಲು ಹಗ್ಗದ ಎರಡೂ ತುದಿ ಹಿಡಿಯಲು ಇಬ್ಬರು ಬೇಕು ಎಂಬುದು ಆಗ ನನ್ನ ಗಮನಕ್ಕೆ ಬಂತು. ಕ್ಲಬ್ಬಿನ ದಾಖಲೆಗಳನ್ನು ತೆಗೆಸಿ ನೋಡಿದೆ. ಇಷ್ಟು ವರ್ಷ ಇನ್ನೊಂದು ತುದಿ ಹಿಡಿದವರು ಯಾರು ಎಂದು ಎಲ್ಲಿಯೂ ನಮೂದಿಲ್ಲ.

ಲೋಪ ನಡೆದದ್ದು ಆಗಲೇ. ‘ದಿವಂಗತರ ಧರ್ಮಪತ್ನಿಯವರು ಎಲ್ಲಿದ್ದರೂ ವೇದಿಕೆಗೆ ಬರಬೇಕು’ ಎಂದು ಮೈಕಿನಲ್ಲಿ ಮೂರು ಸಲ ಕೂಗಿದರೂ ಅವರು ಬರಲಿಲ್ಲ. ಕೈಯೆಲ್ಲ ಸುಣ್ಣ, ಬೋನಸ್ ಗೆರೆ ಬಾಕಿ ಇತ್ತು. ಮುಖ್ಯ ಅತಿಥಿಗಳಿಗೆ ಇನ್ನೆರಡು ಪಂದ್ಯಾಟಗಳಿಗೆ ಹೋಗಲಿಕ್ಕಿದ್ದುದರಿಂದ ಶಾಲನ್ನು ಆ ಅಕ್ಕನ ಪರವಾಗಿ ಖಾಲಿ ಕುರ್ಚಿಗೆ ಹೊದಿಸಿ ಫೋಟೊ ತೆಗೆಯಲಾಯಿತು. ಇಂಥ ಮುಜುಗರ ಮರುಕಳಿಸದಂತೆ ನಿಯಮಾವಳಿಗೆ ತಿದ್ದುಪಡಿ ಸೂಚಿಸಿದ್ದೇನೆ: ಸ್ಮರಣಾರ್ಥ ಪಂದ್ಯಾಟದ ದಿನ ದಿವಂಗತರ ಮನೆಯವರು ದಿವಂಗತರ ಕೆಲಸ ಮಾಡತಕ್ಕದ್ದಲ್ಲ.

ಫೈನಲ್ ಬೆಳಗಿನ ಜಾವ ಮುಗಿಯಿತು. ಪ್ರಥಮ ಬಹುಮಾನದ ಟ್ರೋಫಿ ಮೇಸ್ತ್ರಿಗಿಂತ ಅರ್ಧ ಅಡಿ ಎತ್ತರ ಇತ್ತು. ಗೆದ್ದ ತಂಡದ ವ್ಯಾನಿನ ಬಾಗಿಲು ಹಾಕಲಾಗದೆ ಅದನ್ನು ಮೇಲೆ ಕಟ್ಟಿಕೊಂಡು ಹೋದರು. ಗೆರೆಯ ವಿಷಯದಲ್ಲಿ ಯಾರಿಂದಲೂ ತಕರಾರು ಬರಲಿಲ್ಲ. ಜಮಾ ಖರ್ಚನ್ನು ಮುಂದಿನ ಮಹಾಸಭೆಯಲ್ಲಿ ಮಂಡಿಸಲಾಗುವುದು.

ಕೊನೆಯದಾಗಿ ಓದುಗರಲ್ಲಿ ಒಂದು ಅರಿಕೆ. ಮುಂಜಾನೆ ಶಾಮಿಯಾನ ಬಿಚ್ಚುವ ಗಡಿಬಿಡಿಯಲ್ಲಿ, ಕೆಂಪು ಬಟ್ಟೆಯ ಮೂರು ಗಂಟುಗಳಿರುವ ಹಗ್ಗವೊಂದು ಬೇರೆ ಸಾಮಾನಿನ ಜತೆ ಸೇರಿ ಹೋಗಿದೆ. ವ್ಯಾನಿನ ಮೇಲೆ ಟ್ರೋಫಿ ಕಟ್ಟಿದ್ದು ಅದರಲ್ಲೇ ಎಂದೂ ಕೆಲವರು ಹೇಳುತ್ತಾರೆ. ಯಾರ ಬಳಿ ಇದ್ದರೂ ಗಂಟು ಬಿಚ್ಚದೆ ಮೇಸ್ತ್ರಿಯ ಮನೆಗೆ ತಲುಪಿಸಬೇಕು. ಅಂದಿನಿಂದ ಅವರಿಗೆ ಬಟ್ಟೆ ಒಣಗಿಸಲು ಹಗ್ಗ ಇಲ್ಲ.